ಜರ್ಮನಿಯಿಂದ ಬರಬೇಕಾದ ಸ್ವೀಪರ್

ಶಿವಶರಣಪ್ಪನವರು ಜೀವಮಾನದಲ್ಲಿ ಫುಟ್‌ಬಾಲನ್ನು ಮುಟ್ಟಿದ್ದು ಒಂದೇ ಸಲ. ಅದೂ ತಲೆಯಿಂದ, ಅದೂ ಅವರ ಒಪ್ಪಿಗೆ ಇಲ್ಲದೆ. ಕಲಬುರ್ಗಿಯಲ್ಲಿ ಹೈಸ್ಕೂಲು ಓದುತ್ತಿದ್ದಾಗ ಗಿರಣಿಯಿಂದ ಜೋಳದ ಹಿಟ್ಟಿನ ಡಬ್ಬಿ ಹಿಡಿದು ಮೈದಾನ ದಾಟುತ್ತಿದ್ದರು. ಯಾರೋ ಒದ್ದ ಚೆಂಡು ಅವರ ತಲೆಗೆ ಬಡಿದು ನೇರವಾಗಿ ಗೋಲಿನೊಳಗೆ ಹೋಯಿತು. ಹಿಟ್ಟು ಮೈದಾನದ ಪಾಲಾಯಿತು, ಮನೆಯಲ್ಲಿ ಏಟು ಬಿದ್ದವು. ಆದರೂ ಗೋಲು ಗೋಲೇ ಅಲ್ಲವೆ?

ಈಗ ಅವರು ಹೈದರಾಬಾದಿನಲ್ಲಿ, ಮಾದಾಪುರದ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಹಿರಿಯ ನೌಕರರು. ಆ ವಿಭಾಗಕ್ಕೆ ಹೊಸ ಮುಖ್ಯಸ್ಥೆಯಾಗಿ ಬಂದ ಅನುರಾಧಾ ಮೇಡಂ ಅವರಿಗೆ ಫುಟ್‌ಬಾಲಿನ ಹುಚ್ಚು ಎಂದು ತಿಳಿದ ಮಧ್ಯಾಹ್ನವೇ ಶಿವಶರಣಪ್ಪನವರು ಊಟದ ಡಬ್ಬಿ ಮುಚ್ಚುತ್ತ, ಯಾರಿಗೂ ಹೇಳದಂತೆ ಎಲ್ಲರಿಗೂ ಕೇಳುವಂತೆ, "ನಾನೂ ಆಡಿದವನೇ ಮೇಡಂ. ಹೆಡ್ಡರಿನಲ್ಲಿ ಗೋಲು ಹೊಡೆದಿದ್ದೇನೆ" ಎಂದರು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಫಲ ಬೇಗನೆ ಸಿಕ್ಕಿತು. ಮೇಡಂ ಒಂದು ಸ್ಪರ್ಧೆ ಇಟ್ಟರು. ಪ್ರತಿ ವಿಭಾಗವೂ ಸಾರ್ವಕಾಲಿಕ ಶ್ರೇಷ್ಠ ಹನ್ನೊಂದು ಆಟಗಾರರ ತಂಡವೊಂದನ್ನು ಕಟ್ಟಬೇಕು. ಯಾವ ದೇಶದವರಾದರೂ ಸರಿ, ಯಾವ ಕಾಲದವರಾದರೂ ಸರಿ, ಬದುಕಿರಲೇಬೇಕೆಂಬ ನಿಯಮವೂ ಇಲ್ಲ. ಯಾರನ್ನು ಎಲ್ಲಿ ನಿಲ್ಲಿಸುತ್ತೀರಿ, ಏಕೆ ನಿಲ್ಲಿಸುತ್ತೀರಿ ಎಂದು ಶನಿವಾರ ಎಲ್ಲರೆದುರು ವಾದ ಮಾಡಿ ಗೆಲ್ಲಬೇಕು. ಅಕೌಂಟ್ಸಿನ ಪರವಾಗಿ ವಾದಿಸುವವರು ಯಾರು ಎಂದು ಮೇಡಂ ಕೇಳಲೇ ಇಲ್ಲ. ಶಿವಶರಣಪ್ಪನವರ ಹೆಸರು ಬರೆದೇಬಿಟ್ಟರು.

"ನಿಮಗ ಚೆಂಡು ಯಾವುದು, ಕುಂಬಳಕಾಯಿ ಯಾವುದು ಗೊತ್ತಾಗೂದಿಲ್ಲ. ಹೋಗಿ ಹೋಗಿ ಇದಕ್ಕ ಯಾಕ ಹೂಂ ಅಂದ್ರಿ?" ಎಂದು ಹೆಂಡತಿ ಗಿರಿಜಾಬಾಯಿ ಕೇಳಿದರು.

"ಇಡೀ ಕಂಪನಿ ಲೆಕ್ಕಾ ಸಂಭಾಳಿಸಾಂವ್ಗ ಹನ್ನೊಂದು ಮಂದಿ ಲೆಕ್ಕಾ ಏನ್ ದೊಡ್ಡದು?" ಎಂದು ಶಿವಶರಣಪ್ಪನವರು ಕಾಲ ಮೇಲೆ ಕಾಲು ಹಾಕಿದರು. ಆಮೇಲೆ ಗಿರಿಜಾಬಾಯಿ ಒಳಗೆ ಹೋದದ್ದನ್ನು ಖಚಿತಪಡಿಸಿಕೊಂಡು ಮಗಳು ಪಿಂಕಿಯ ರೂಮಿನ ಬಾಗಿಲು ತಟ್ಟಿದರು. ಡಿಗ್ರಿಯ ಕೊನೆಯ ವರ್ಷದಲ್ಲಿದ್ದ ಪಿಂಕಿ ಬೇರೆ ದೇಶದ ಮ್ಯಾಚುಗಳನ್ನೆಲ್ಲ ಬಿಡದೆ ನೋಡುವ ಹುಡುಗಿ. ಮರುದಿನದಿಂದ ಬೆಳಿಗ್ಗೆ ತಾರಸಿಯ ಮೇಲೆ ಪಾಠ ಎಂದು ನಿಶ್ಚಯವಾಯಿತು.

ತಾರಸಿ ಎಂದಮೇಲೆ ಕಟ್ಟಡದ ವಿಷಯ ಹೇಳಬೇಕು. ಕೊಂಡಾಪುರದ ಒಳಗಲ್ಲಿಯ ಆ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಮಹಡಿ, ಹನ್ನೆರಡು ಮನೆ. ಹಿಂದಿನ ತಿಂಗಳಷ್ಟೇ ಶಿವಶರಣಪ್ಪನವರು ಅಸೋಸಿಯೇಷನ್ನಿನ ಸೆಕ್ರೆಟರಿಯಾಗಿ ಅವಿರೋಧವಾಗಿ ಆಯ್ಕೆಯಾಗಿದ್ದರು. ಬೇರೆ ಯಾರೂ ಮೀಟಿಂಗಿಗೆ ಬಂದಿರಲಿಲ್ಲ. ವಾಚ್‌ಮನ್ ಮೌನಪ್ಪ, ಕಸ ಗುಡಿಸುವ ಅವನ ಹೆಂಡತಿ ಸುಗಲಮ್ಮ, ಇಬ್ಬರೂ ಶಹಾಪುರದ ಕಡೆಯವರು. ಮೌನಪ್ಪ ಹೆಸರಿಗೆ ತಕ್ಕವನು. ಅವನ ಪಾಲಿನ ಮಾತನ್ನೂ ಸುಗಲಮ್ಮನೇ ಆಡುತ್ತಿದ್ದಳು, ಮನೆಯಲ್ಲಿ ಕನ್ನಡದಲ್ಲಿ, ಮೆಟ್ಟಿಲ ಮೇಲೆ ತೆಲುಗಿನಲ್ಲಿ, ಗೇಟಿನಲ್ಲಿ ಹಿಂದಿಯಲ್ಲಿ.

ಮೊದಲ ಪಾಠದ ದಿನ ಪಿಂಕಿ ಮೊಬೈಲ್ ಹಿಡಿದು ನೀರಿನ ಟ್ಯಾಂಕಿಗೆ ಒರಗಿ ನಿಂತಳು. ಶಿವಶರಣಪ್ಪನವರು ಬನಿಯನ್ನಿನ ಮೇಲೆ ಶಾಲು ಹೊದ್ದು, ಕೈ ಹಿಂದೆ ಕಟ್ಟಿ, ಮಂತ್ರಿಮಂಡಲ ರಚಿಸುವವರ ಗತ್ತಿನಲ್ಲಿ ಅಡ್ಡಾಡತೊಡಗಿದರು. ಟ್ಯಾಂಕಿನ ಆಚೆ ಬದಿಗೆ ಸುಗಲಮ್ಮ ಗುಡಿಸುತ್ತಿದ್ದುದು ಇಬ್ಬರಿಗೂ ಕಾಣಲಿಲ್ಲ.

"ಮೊದಲ ಇದನ್ನ ಹೇಳು ಪಿಂಕಿ. ನಮಗ ಸ್ವೀಪರ್ ಬೇಕೋ ಬ್ಯಾಡೋ?"

"ಬ್ಯಾಡ ಅಪ್ಪಾ. ಮೊದಲೆಲ್ಲಾ ಎಲ್ಲಾರಿಗಿಂತ ಹಿಂದ ಒಬ್ಬ ಸ್ವೀಪರ್ ಇರ್ತಿದ್ದ. ಈಗ ಯಾರೂ ಇಟ್ಕೊಳ್ಳೂದಿಲ್ಲ. ಕೀಪರೇ ತನ್ನ ಜಾಗಾ ಬಿಟ್ಟು ಮುಂದ ಬಂದು ಆ ಕೆಲಸಾನೂ ಮಾಡ್ತಾನ."

"ಅಂದ್ರ ಇಬ್ಬರ ಕೆಲಸಾ ಒಬ್ಬನ ಕಡಿಂದ! ಭಾಳ ಚೊಲೋ ಆತು. ತಗದ್ಹಾಕು ಸ್ವೀಪರನ್ನ. ಅಕಸ್ಮಾತ್ ಬೇಕೇಬೇಕು ಅಂದ್ರ?"

"ಜರ್ಮನಿಯವನನ್ನ ತರಬೇಕು. ಅವನಂಥಾ ಸ್ವೀಪರ್ ಜಗತ್ತಿನಾಗ ಇನ್ನೊಬ್ಬ ಇಲ್ಲ."

ಟ್ಯಾಂಕಿನ ಆಚೆ ಕಸಬರಿಗೆಯ ಸದ್ದು ನಿಂತಿತು.

"ಸರಿ. ನಾಲ್ಕನೇ ನಂಬರ್?"

"ನಿನ್ನೆ ನೀನು ಆರಿಸಿದಾಂವ ಭಾಳ ನಿಧಾನ. ಓಡಾಕ ಆಗೂದಿಲ್ಲ, ನಿಂತಲ್ಲೇ ನಿಂತಿರ್ತಾನ. ಬೆಂಚಿಗೆ ಕೂಡಿಸು."

"ಕೂಡಿಸಿದೆ. ಒಂಬತ್ತು?"

"ಒಂಬತ್ತು ಸುಳ್ಳು ಇರಬೇಕು. ಫಾಲ್ಸ್ ನೈನ್ ಅಂತಾರ. ಒಂಬತ್ತರಾಗ ಅದಾನ ಅಂತ ಎಲ್ಲಾರೂ ತಿಳ್ಕೋಬೇಕು, ಆದ್ರ ಅಲ್ಲಿ ಇರಬಾರದು."

"ಇದು ಮೋಸ ಆಗೂದಿಲ್ಲೇನು?"

"ಮೋಸಾನೇ ಅಪ್ಪಾ. ಅದೇ ಅದರ ಮಜಾ."

"ಮತ್ತ ಹತ್ತು?"

"ಹತ್ತು ಅಂದ್ರ ದೇವರು. ಹತ್ತಕ್ಕ ಪೂರ್ತಿ ಸ್ವಾತಂತ್ರ್ಯ ಕೊಟ್ಟುಬಿಡು. ಏನ್ ಬೇಕಾದ್ದು ಮಾಡಲಿ, ಕೇಳಾಕ ಹೋಗಬ್ಯಾಡ."

ಶಿವಶರಣಪ್ಪನವರು ತೃಪ್ತಿಯಿಂದ ಕೆಳಗಿಳಿದರು. ಅವರಿಗಿಂತ ಮೊದಲೇ ಸುಗಲಮ್ಮ ಇಳಿದಿದ್ದಳು. ಗೇಟಿನ ಬಳಿ ಮೌನಪ್ಪನ ಮುಂದೆ ನಿಂತು, "ನನ್ನ ಬಿಡಿಸಿ, ನೀ ಗೇಟ್ ಕೀಪರ್ ಅಂತ ನನ್ನ ಕೆಲಸಾನೂ ನಿನ್ನ ಕೊಳ್ಳಾಗ ಕಟ್ಟಾಕತ್ತಾರ. ನೀ ಮಾಡ್ಲಿಲ್ಲಂದ್ರ ಜರ್ಮನಿಯಿಂದ ಯಾವನೋ ಬರ್ತಾನಂತ" ಎಂದಳು. ಮೌನಪ್ಪ ಬಹಳ ಹೊತ್ತು ಯೋಚಿಸಿ, "ಅಂವ ಮಲಗೂದೆಲ್ಲಿ? ನಮ್ಮ ಖೋಲ್ಯಾಗ?" ಎಂದ. ಆ ವಾರ ಅವನು ಆಡಿದ ಅತಿ ದೊಡ್ಡ ಮಾತು ಅದು.

ಅಂದು ಸುಗಲಮ್ಮ ಎಂದಿನಂತೆ ಮನೆಮನೆಗೆ ಹೋದಳು. ಪ್ರತಿ ಬಾಗಿಲಲ್ಲಿ ಕಸ ತೆಗೆದುಕೊಂಡಳು, ಸುದ್ದಿ ಕೊಟ್ಟಳು. ನಂಬರು ನಂಬರಿಗೆ ಹಂಚಿದ ಆ ಸುದ್ದಿಯಲ್ಲಿ ಫುಟ್‌ಬಾಲ್ ಎಂಬ ಶಬ್ದ ಮಾತ್ರ ಇರಲಿಲ್ಲ, ಏಕೆಂದರೆ ತಾರಸಿಯ ಮೇಲೆ ಅಪ್ಪನಾಗಲಿ ಮಗಳಾಗಲಿ ಆ ಶಬ್ದ ಎತ್ತಿರಲೇ ಇಲ್ಲ.

ಮರುದಿನ ಬೆಳಿಗ್ಗೆ ನಾಲ್ಕನೇ ನಂಬರಿನ ಮನೆಯ ಮಲ್ಲಣ್ಣ ಪಾರ್ಕಿಂಗಿನಲ್ಲಿ ಓಡುತ್ತಿದ್ದರು. ಮಲ್ಲಣ್ಣನವರದು ಮಿಠಾಯಿ ಅಂಗಡಿ. ಅವರ ದೇಹವೇ ಅಂಗಡಿಯ ಜಾಹೀರಾತು. ಕಾರುಗಳ ನಡುವೆ ಅವರು ಹಾಯುತ್ತಿದ್ದರೆ ಕಾರುಗಳ ಕನ್ನಡಿಗಳು ತಾವಾಗಿ ಮಡಚಿಕೊಳ್ಳುತ್ತಿದ್ದವು. ಶಿವಶರಣಪ್ಪನವರನ್ನು ಕಂಡದ್ದೇ ಎದೆ ಹಿಡಿದುಕೊಂಡು, "ಚೂಡಂಡಿ, ನೋಡಿ ಸೆಕ್ರೆಟರಿ ಗಾರು! ಓಡುತ್ತಿದ್ದೇನೆ! ನಿಂತಲ್ಲೇ ನಿಂತಿಲ್ಲ!" ಎಂದು ತೆಲುಗಿನಲ್ಲಿ ಕೂಗಿ ಮತ್ತೊಂದು ಸುತ್ತು ಹೊರಟರು.

"ಶಹಬ್ಬಾಸ್! ಹೀಂಗ ಓಡಿದ್ರ ಯಾರು ಬೆಂಚಿಗೆ ಕೂಡಿಸ್ತಾರ?" ಎಂದು ಶಿವಶರಣಪ್ಪನವರು ಹುರಿದುಂಬಿಸಿದರು. ತಮ್ಮ ಕ್ರೀಡಾಸಕ್ತಿ ಕಟ್ಟಡಕ್ಕೆಲ್ಲ ಹಬ್ಬಿತೆಂದು ಅವರಿಗೆ ಸಂತೋಷವಾಯಿತು. ಮಲ್ಲಣ್ಣನವರಿಗೆ ಮಾತ್ರ ಸುದ್ದಿ ಖಾತ್ರಿಯಾಯಿತು.

ಹತ್ತನೇ ನಂಬರಿನ ಗುಂಡಮ್ಮನವರು ಆ ಹೊತ್ತಿಗೆ ತಾರಸಿಯನ್ನು ವಶಪಡಿಸಿಕೊಂಡಿದ್ದರು. ಎಪ್ಪತ್ತು ದಾಟಿದ ಆ ಹಿರಿಯರಿಗೆ ತಾರಸಿಯಲ್ಲಿ ಸಂಡಿಗೆ ಒಣಗಿಸಬಾರದು ಎಂಬ ಅಸೋಸಿಯೇಷನ್ನಿನ ನಿಯಮದ ಮೇಲೆ ಹಳೆಯ ಸಿಟ್ಟು. ಈಗ ಪೂರ್ತಿ ಸ್ವಾತಂತ್ರ್ಯ ಸಿಕ್ಕಿದ್ದರಿಂದ ಈ ತುದಿಯಿಂದ ಆ ತುದಿಯವರೆಗೆ ಸಂಡಿಗೆ, ಮೆಣಸಿನಕಾಯಿ, ಹಳೆಯ ಗಾದಿಗಳನ್ನು ಹರಡಿ, ಬಾಗಿಲಿಗೆ ತಮ್ಮದೇ ಬೀಗ ಜಡಿದರು. ಕೇಳಲು ಹೋದ ಗಿರಿಜಾಬಾಯಿಗೆ, "ನಿಮ್ಮ ಮನಿಯವ್ರು ನನಗ ದೇವರು ಅಂದಾರ. ಎಷ್ಟು ಸಂಸ್ಕಾರ ಇರೋ ಮನಷ್ಯಾ!" ಎಂದು ತಲೆ ನೇವರಿಸಿ ಕಳಿಸಿದರು.

ಸಂಜೆ ಒಂಬತ್ತನೇ ನಂಬರಿನ ವಿಶ್ವಜಿತ್ ಬಂದ. ಬೀದರಿನ ಹುಡುಗ, ಐಟಿ ನೌಕರ. ಕ್ರಿಕೆಟ್ ಬಿಟ್ಟು ಬೇರೆ ಆಟದ ಗಾಳಿ ಅವನಿಗೆ ತಾಗಿರಲಿಲ್ಲ. ಮನೆ ಬಾಡಿಗೆಗೆ ಹಿಡಿಯುವಾಗ ಒಬ್ಬನೇ ಇರುತ್ತೇನೆಂದು ಹೇಳಿ, ಸದ್ದಿಲ್ಲದೆ ಮೂವರು ಗೆಳೆಯರನ್ನು ಇಟ್ಟುಕೊಂಡಿದ್ದ. ಹೀಗಾಗಿ "ಒಂಬತ್ತು ಸುಳ್ಳು" ಎಂಬ ಮಾತು ಅವನ ಎದೆಗೇ ನಾಟಿತ್ತು.

"ಅಂಕಲ್, ಒಂಬತ್ತರ ವಿಷಯ ಮಾತಾಡ್ಬೇಕಿತ್ತ್ರಿ" ಎಂದು ತಗ್ಗಿದ ದನಿಯಲ್ಲಿ ಹೇಳಿದ.

ಚರ್ಚಿಸಲು ತಾನಾಗಿ ಒಬ್ಬ ಯುವಕ ಬಂದನಲ್ಲ ಎಂದು ಶಿವಶರಣಪ್ಪನವರು ಉಬ್ಬಿಹೋದರು. "ಕೂಡು, ಕೂಡು. ನನ್ನ ಅಭಿಪ್ರಾಯ ಸ್ಪಷ್ಟ ಐತಿ. ಒಂಬತ್ತು ಅಂದ್ರ ಒಬ್ಬನೇ ಮ್ಯಾಲೆ ನಿಂತಿರಬೇಕು ಅನ್ನೂದು ಹಳೇ ಕಾಲದ ವಿಚಾರ."

ವಿಶ್ವಜಿತನ ಮುಖಕ್ಕೆ ಜೀವ ಬಂತು. "ಅಂದ್ರ ಒಬ್ಬನೇ ಇರಬೇಕು ಅಂತಿಲ್ಲೇನ್ರಿ?"

"ಒಬ್ಬ ಏನ್ ಮಾಡ್ತಾನ? ಆಜೂಬಾಜೂ ಮಂದಿ ಬೇಕು."

"ಒಟ್ಟು ಎಷ್ಟು ಮಂದಿ ಇದ್ರ ನಡೀತೈತ್ರಿ?"

ಶಿವಶರಣಪ್ಪನವರು ಕಣ್ಣು ಮುಚ್ಚಿ ಪಾಠ ನೆನಪಿಸಿಕೊಂಡು ಹೇಳಿದರು: "ಹಿಂದ ನಾಲ್ಕು, ನಡುವ ಮೂರು, ಮುಂದ ಮೂರು. ಹತ್ತು. ಬಾಗಲದಾಗ ಒಬ್ಬ ಬ್ಯಾರೆ."

ವಿಶ್ವಜಿತ್ ಮನಸ್ಸಿನಲ್ಲೇ ಹಿಂದಿನ ಬೆಡ್‌ರೂಮು, ನಡುವಿನ ಹಾಲು, ಮುಂದಿನ ಬಾಲ್ಕನಿಗಳಲ್ಲಿ ಹಾಸಿಗೆ ಹಾಸಿ ನೋಡಿದ. ಸರಿಯಾಗಿ ಹಿಡಿಸುತ್ತಿತ್ತು. ಎದ್ದು ಶಿವಶರಣಪ್ಪನವರ ಕಾಲು ಮುಟ್ಟಿ ನಮಸ್ಕರಿಸಿ ಓಡಿದ. ತಂತ್ರಗಾರಿಕೆಯ ಬಗ್ಗೆ ಇಂದಿನ ಪೀಳಿಗೆಗೆ ಇಷ್ಟು ಗೌರವ ಇದೆಯೇ ಎಂದು ಶಿವಶರಣಪ್ಪನವರ ಕಣ್ಣು ಒದ್ದೆಯಾದವು. ಮರುದಿನ ಒಂಬತ್ತನೇ ನಂಬರಿಗೆ ಒಂದು ಆಟೋ ಟ್ರಾಲಿ ತುಂಬ ಗಾದಿ ಬಂದವು.

ಇತ್ತ ಸುಗಲಮ್ಮ ಕಸಬರಿಗೆ ಕೆಳಗಿಟ್ಟಳು. ಮೌನಪ್ಪ ಹೆದರಿ ಒಂದು ದಿನ ಎರಡೂ ಕೆಲಸ ಮಾಡಲು ಹೋದ. ಅವನು ಮೂರನೇ ಮಹಡಿಯಲ್ಲಿ ಗುಡಿಸುತ್ತಿದ್ದಾಗ ಕಾವಲಿಲ್ಲದ ಗೇಟಿನಿಂದ ಎಮ್ಮೆಯೊಂದು ಒಳಗೆ ಬಂದು, ಕುಂಡಗಳಲ್ಲಿದ್ದ ದಾಸವಾಳವನ್ನೆಲ್ಲ ತಿಂದು ಮುಗಿಸಿ, ಮಲ್ಲಣ್ಣನವರ ಓಟದ ದಾರಿಗೆ ಅಡ್ಡಲಾಗಿ ಮಲಗಿತು. ಅದನ್ನು ಎಬ್ಬಿಸಲು ಅರ್ಧ ಕಟ್ಟಡ ಬೇಕಾಯಿತು. ಅಲ್ಲಿಗೆ ಮೌನಪ್ಪನೂ ಕಸಬರಿಗೆ ಬಿಟ್ಟ.

ಆಮೇಲೆ ನಡೆದದ್ದು ನೋಡುವಂತಿತ್ತು, ಮೂಸುವಂತಿರಲಿಲ್ಲ. ಒಂದನೇ ನಂಬರಿನವರು ತಮ್ಮ ಕಸದ ಚೀಲವನ್ನು ಎರಡರ ಬಾಗಿಲಿಗೆ ಸರಿಸಿದರು, ಎರಡರವರು ಮೂರರ ಕಡೆಗೆ. ಒಂಬತ್ತರಿಂದ ಹತ್ತು ಜನರ ಕಸ ಇಳಿಯತೊಡಗಿತು. ಮೆಟ್ಟಿಲ ಮೇಲೆ ಕಾಲಿಡಲು ಜಾಗ ಹುಡುಕುತ್ತ ಇಳಿಯುವ ಶಿವಶರಣಪ್ಪನವರು, "ಸುಗಲಮ್ಮಗ ಆರಾಮ ಇಲ್ಲೇನೋ" ಎಂದುಕೊಂಡು ಆಫೀಸಿಗೆ ಹೋಗುತ್ತಿದ್ದರು. ಅವರ ತಲೆಯಲ್ಲಿ ಶನಿವಾರ ಬಿಟ್ಟು ಬೇರೇನೂ ಇರಲಿಲ್ಲ.

ಶುಕ್ರವಾರ ಸಂಜೆ ಅವರು ಮನೆಗೆ ಬಂದಾಗ ಪಾರ್ಕಿಂಗಿನಲ್ಲಿ ಇಡೀ ಅಪಾರ್ಟ್‌ಮೆಂಟ್ ಸೇರಿತ್ತು. ನಡುವೆ ಕುರ್ಚಿಯಲ್ಲಿ ಮುನಿಸಿಪಾಲ್ಟಿಯ ಸ್ಯಾನಿಟರಿ ಇನ್ಸ್‌ಪೆಕ್ಟರ್ ಬೂದೆಪ್ಪನವರು ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದರು. ಪಕ್ಕದ ಕಟ್ಟಡದವರು ದೂರು ಕೊಟ್ಟಿದ್ದರು. ಜಹೀರಾಬಾದಿನ ಗಡಿಯವರಾದ ಬೂದೆಪ್ಪನವರಿಗೆ ಕನ್ನಡ ಮನೆಮಾತು; ಸುಗಲಮ್ಮ ತನ್ನ ಅಹವಾಲನ್ನು ಆಗಲೇ ಒಪ್ಪಿಸಿದ್ದಳು.

"ಸೆಕ್ರೆಟರಿ ನೀವೇನ್ರಿ? ಪರದೇಶದಿಂದ ಸ್ವೀಪರ್ ತರಸಾಕತ್ತೀರಂತ?"

ತಮ್ಮ ತಂಡದ ಕೀರ್ತಿ ಮುನಿಸಿಪಾಲ್ಟಿಯವರೆಗೆ ಮುಟ್ಟಿತಲ್ಲ ಎಂದು ಶಿವಶರಣಪ್ಪನವರು ಅಂಗಿಯ ಕಾಲರ್ ಸರಿಮಾಡಿಕೊಂಡರು. "ಮೊದಲ ವಿಚಾರ ಮಾಡಿದ್ವಿರಿ. ಬೆಕನ್‌ಬಾವರ್ ಅಂತ, ಜರ್ಮನಿಯವ್ರು. ಆಮ್ಯಾಲೆ ಬ್ಯಾಡ ಅಂತ ಬಿಟ್ವಿ."

"ಅವರ ಕಾಗದಪತ್ರ ಎಲ್ಲಾ ಸರಿ ಅದಾವೇನು?"

"ಅವರು ತೀರಿಕೊಂಡಾರ್ರಿ."

ಗುಂಡಮ್ಮನವರು ಕೈ ಮುಗಿದು ಮೇಲೆ ನೋಡಿದರು.

"ಸತ್ತಾಂವ ಬಂದು ಕಸಾ ಹೊಡೀತಾನೇನ್ರಿ?" ಸುಗಲಮ್ಮ ಮುಂದೆ ನುಗ್ಗಿದಳು. "ಜೀಂವ ಇದ್ದ ನಾನು ಬ್ಯಾಡಾದ್ನಿ, ಸತ್ತ ಜರ್ಮನಿಯಾಂವ ಬೇಕಾದ್ನೇನು? ಏಳು ವರ್ಷ ಈ ಮೆಟ್ಟಲಾ ತಿಕ್ಕೀನಿ ಸಾಹೇಬ್ರ!"

"ನನ್ನನ್ನು ಬೆಂಚಿಗೆ ಯಾಕೆ ಕೂರಿಸುತ್ತೀರಿ, ಅದನ್ನು ಹೇಳಿ!" ಎಂದು ಮಲ್ಲಣ್ಣನವರು ನಿಂತಲ್ಲೇ ಓಡುತ್ತ ಕೇಳಿದರು.

ಶಿವಶರಣಪ್ಪನವರು ಸುತ್ತ ನೋಡಿದರು. ಮೊದಲ ಸಲ ಅವರಿಗೆ ಏನೋ ಎಡವಟ್ಟಾಗಿದೆ ಎನಿಸಿತು. ಏನೆಂದು ಹೊಳೆಯಲಿಲ್ಲ. ಹೊಳೆದದ್ದು ಪಿಂಕಿಗೆ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ನಕ್ಕು, ಆಮೇಲೆ ಇಟ್ಟಿಗೆ ಚೂರು ತೆಗೆದುಕೊಂಡು ನೆಲದ ಮೇಲೆ ಮೈದಾನ ಗೀಚಿದಳು. ಇಲ್ಲಿ ಕೀಪರ್, ಇಲ್ಲಿ ಸ್ವೀಪರ್, ಇದು ನಾಲ್ಕು, ಇದು ಒಂಬತ್ತು, ಇದು ಹತ್ತು. ಇದು ಆಟ, ನಾಳೆ ಅಪ್ಪನ ಆಫೀಸಿನಲ್ಲಿ ಸ್ಪರ್ಧೆ.

ಮಲ್ಲಣ್ಣನವರು ಓಟ ನಿಲ್ಲಿಸಿ ಕಾರೊಂದಕ್ಕೆ ಒರಗಿದರು. ಗುಂಡಮ್ಮನವರು ತಾರಸಿಯ ಬೀಗದ ಕೈಯನ್ನು ಸೆರಗಿಗೆ ಇನ್ನೊಂದು ಗಂಟು ಹಾಕಿ ಭದ್ರಪಡಿಸಿಕೊಂಡರು. ವಿಶ್ವಜಿತ್ ಮಾತ್ರ ಬಿಳಿಚಿಕೊಂಡು, "ಹಂಗಾರ ಆ ಹತ್ತು ಮಂದಿ..." ಎಂದ.

"ಯಾವ ಹತ್ತು ಮಂದಿ?" ಎಂದು ಗಿರಿಜಾಬಾಯಿ ಕತ್ತೆತ್ತಿದರು. ಒಂಬತ್ತರ ಬಾಲ್ಕನಿಯಿಂದ ಇಣುಕುತ್ತಿದ್ದ ತಲೆಗಳು ಒಟ್ಟಿಗೆ ಮಾಯವಾದವು.

ಬೂದೆಪ್ಪನವರು ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ. ಕುರ್ಚಿಯಿಂದ ಬಾಗಿ ನೆಲದ ಮೈದಾನವನ್ನೇ ದಿಟ್ಟಿಸುತ್ತಿದ್ದರು. ಕರವಸ್ತ್ರ ಮೂಗಿನಿಂದ ಜಾರಿತ್ತು. "ಎಡಕ್ಕ ಮುಂದ ಯಾರನ್ನ ಹಾಕೀರಿ?" ಎಂದು ಕೇಳಿದರು. ಪಿಂಕಿ ಬ್ರೆಜಿಲಿನ ಒಬ್ಬನ ಹೆಸರು ಹೇಳಿದಳು.

"ನಮ್ಮ ಅಮ್ಮುಗುಡದ ಬಲರಾಮ್ ಎಲ್ಲಿ? ಸಿಕಂದರಾಬಾದಿನ ಮಣ್ಣಾಗ ಬರಿಗಾಲಿಲೆ ಕಲ್ತು ಒಲಿಂಪಿಕ್ಸ್ ಆಡಿದಾಂವ! ನಮ್ಮಪ್ಪ ಅವನ ಆಟ ನೋಡಾಕ ರೈಲಿನಾಗ ನಿಂತ್ಕೊಂಡು ಹೋಗ್ತಿದ್ದ. ಹೈದ್ರಾಬಾದಿನಾಗ ಕೂತು ತಂಡಾ ಕಟ್ಟಾಕತ್ತೀರಿ, ಹೈದ್ರಾಬಾದಿನಾಂವ ಒಬ್ಬನೂ ಇಲ್ಲ! ಕಸಾ ತುಂಬಿದ್ದಕ್ಕಿಂತ ಇದು ದೊಡ್ಡ ತಪ್ಪು ಸೆಕ್ರೆಟರಿ!" ಎಂದು ಬೂದೆಪ್ಪನವರು ಎದ್ದು ನಿಂತರು. ಸೋಮವಾರದೊಳಗೆ ಮೆಟ್ಟಿಲು ಸ್ವಚ್ಛವಾಗಬೇಕು, ಇವತ್ತೇ ಎಡಗಡೆ ಬದಲಾಗಬೇಕು, ಇಲ್ಲದಿದ್ದರೆ ನೋಟಿಸು ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಹೋದರು.

ಉಳಿದವರು ಸುಗಲಮ್ಮನ ಕಡೆ ತಿರುಗಿದರು. ಅವಳು ಕಸಬರಿಗೆಯನ್ನು ಮುಟ್ಟಲಿಲ್ಲ.

"ಆಟನೋ ಮತ್ತೊಂದೋ, ನನಗ ಗೊತ್ತಿಲ್ಲ. ಸ್ವೀಪರ್ ಬ್ಯಾಡ ಅಂದ್ರೋ ಇಲ್ಲೋ?"

"ಅಂದೆ" ಎಂದರು ಶಿವಶರಣಪ್ಪನವರು.

"ನಾಳೆ ಎಲ್ಲಾರ ಮುಂದನೂ ಹಂಗ ಅನ್ನೋರೇ?"

"ಅದು ಆಟದ ಸ್ವೀಪರ್ ಸುಗಲಮ್ಮ..."

"ಯಾವ ಸ್ವೀಪರಾದ್ರೂ ಕೆಲಸಾ ಕೆಲಸಾನ ಅಲ್ಲೇನ್ರಿ? ಎಲ್ಲಿ ಬ್ಯಾಡ ಅನ್ನೋರಿದ್ರೋ ಅಲ್ಲೇ ಬೇಕು ಅಂತ ಹೇಳಿ ಬರ್ರಿ. ಆಮ್ಯಾಲೆ ನೋಡೂಣು."

"ಅಪ್ಪಾ, ಇಡೀ ಪ್ಲ್ಯಾನ್ ನಿಂತಿದ್ದೇ ಸ್ವೀಪರ್ ಇಲ್ಲದ್ದರ ಮ್ಯಾಲೆ!" ಎಂದು ಪಿಂಕಿ ಪಿಸುಗುಟ್ಟಿದಳು. ಶಿವಶರಣಪ್ಪನವರು ಮೆಟ್ಟಿಲ ಕಡೆ ನೋಡಿದರು. ಎರಡನೇ ಮಹಡಿಯಿಂದ ಒಂದು ಚೀಲ ತಾನಾಗಿ ಉರುಳಿಕೊಂಡು ಬಂದು ಅವರ ಕಾಲ ಬಳಿ ಬಾಯಿ ಬಿಟ್ಟಿತು.

ಶನಿವಾರ ಮಾರ್ಕೆಟಿಂಗ್ ವಿಭಾಗದವನು ದೊಡ್ಡ ಪರದೆಯ ಮೇಲೆ ಬಾಣ, ಬಣ್ಣ, ಅಂಕಿಗಳನ್ನು ತೋರಿಸಿ, ಇಂದಿನ ಆಟದಲ್ಲಿ ಸ್ವೀಪರಿಗೆ ಜಾಗವಿಲ್ಲ ಎಂದು ಸಾಧಿಸಿ ಚಪ್ಪಾಳೆ ಗಿಟ್ಟಿಸಿದ. ಶಿವಶರಣಪ್ಪನವರು ಎದ್ದರು. ಬಾಯಿಪಾಠ ಮಾಡಿದ್ದೆಲ್ಲ ಮೆಟ್ಟಿಲ ನೆನಪಿನಲ್ಲಿ ಕೊಚ್ಚಿಹೋಗಿತ್ತು. ಮೊದಲೆರಡು ವಾಕ್ಯ ಇಂಗ್ಲಿಷಿನಲ್ಲಿ ಹೇಳಿ, ಅದು ಸಾಲದೆ ಹಿಂದಿಗೆ ಇಳಿದರು.

"ಸ್ವೀಪರ್ ಬೇಡ ಎನ್ನುವವರು ಸ್ವೀಪರ್ ಇಲ್ಲದೆ ಒಂದು ವಾರ ಇದ್ದು ನೋಡಿದ್ದೀರಾ? ನಾನು ನೋಡಿದ್ದೇನೆ. ಪ್ರತಿಯೊಬ್ಬನೂ ತನ್ನ ಜಾಗ ಮಾತ್ರ ನೋಡಿಕೊಳ್ಳುತ್ತಾನೆ. ತನ್ನ ಮುಂದಿನ ಅಪಾಯವನ್ನು ಪಕ್ಕದವನ ಮುಂದೆ ತಳ್ಳುತ್ತಾನೆ. ಒಬ್ಬನೂ ತಪ್ಪು ಮಾಡಿರುವುದಿಲ್ಲ, ಆದರೆ ಎಲ್ಲ ಹಾಳಾಗಿರುತ್ತದೆ! ಕೀಪರ್ ಆ ಕೆಲಸವನ್ನೂ ಮಾಡುತ್ತಾನೆ ಎನ್ನುತ್ತೀರಿ. ಕೀಪರ್ ತನ್ನ ಜಾಗ ಬಿಟ್ಟು ಬಂದಾಗ ಏನು ನುಗ್ಗುತ್ತದೆ ಗೊತ್ತೆ? ಎಷ್ಟು ದಪ್ಪಗಿರುತ್ತದೆ ಗೊತ್ತೆ? ಅದನ್ನು ಹೊರಗೆ ಹಾಕಲು ಎಷ್ಟು ಜನ ಬೇಕು ಗೊತ್ತೆ? ಎಲ್ಲರ ಹಿಂದೆ ಒಬ್ಬರು ಇರಬೇಕು. ಯಾರೂ ನೋಡದ ಕಡೆ ನೋಡುವವರು. ಇದ್ದಾಗ ಅವರು ಕಾಣುವುದಿಲ್ಲ. ಇಲ್ಲದಾಗ ಅವರ ಹೊರತು ಬೇರೇನೂ ಕಾಣುವುದಿಲ್ಲ. ನನ್ನ ತಂಡದಲ್ಲಿ ಮೊದಲ ಹೆಸರು ಸ್ವೀಪರಿನದು. ಮತ್ತೆ ಎಡಕ್ಕೆ ಅಮ್ಮುಗುಡದ ಬಲರಾಮ್. ಉಳಿದವರನ್ನು ನೀವೇ ಹಾಕಿಕೊಳ್ಳಿ!"

ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ರಕ್ಷಣೆಯ ಲೋಪಗಳನ್ನು ಇಷ್ಟು ಆಳವಾಗಿ ಅರಿತವರನ್ನು ತಾನು ಕಂಡಿಲ್ಲವೆಂದು ಹೇಳಿ ಅನುರಾಧಾ ಮೇಡಂ ಗೆದ್ದವರ ಕಪ್ ಕೊಟ್ಟರು. ಮಾರ್ಕೆಟಿಂಗಿನವನು ಹತ್ತಿರ ಬಂದು, ಆ ದಪ್ಪನೆಯ ಆಟಗಾರ ಯಾರು ಸಾರ್ ಎಂದು ಕೇಳಿದ. "ಲೋಕಲ್" ಎಂದರು ಶಿವಶರಣಪ್ಪನವರು.

ಸಹೋದ್ಯೋಗಿಯೊಬ್ಬರು ಮೊಬೈಲಿನಲ್ಲಿ ಹಿಡಿದಿದ್ದ ಆ ಭಾಷಣವನ್ನು ಪಿಂಕಿ ಅಂದು ಸಂಜೆ ಪಾರ್ಕಿಂಗಿನಲ್ಲಿ ಸುಗಲಮ್ಮನಿಗೆ ತೋರಿಸಿದಳು. ಸುಗಲಮ್ಮ ಕಣ್ಣು ಮಿಟುಕಿಸದೆ ನೋಡಿದಳು. "ಎಲ್ಲರ ಹಿಂದೆ ಒಬ್ಬರು ಇರಬೇಕು" ಎಂಬಲ್ಲಿ ಸೆರಗಿನಿಂದ ಮೂಗು ಒರೆಸಿಕೊಂಡು, ಅಷ್ಟನ್ನು ಇನ್ನೊಮ್ಮೆ ಹಚ್ಚಿಸಿ ಕೇಳಿದಳು. ಆಮೇಲೆ ಕಸಬರಿಗೆ ಎತ್ತಿಕೊಂಡಳು. ಸುತ್ತ ನಿಂತಿದ್ದವರೆಲ್ಲ ನಿಟ್ಟುಸಿರು ಬಿಟ್ಟರು.

"ಪಿಂಕಿ ಅವ್ವಾ, ಆಟದಾಗ ಸ್ವೀಪರ್ ದಣಿದ್ರ ಏನ್ ಮಾಡ್ತಾರ?"

"ಅಂವ ಹೊರಗ ಕೂಡ್ತಾನ. ಬದಲಿ ಒಬ್ಬ ಬರ್ತಾನ."

"ಹಂಗೇನು? ನನಗ ಪ್ರತಿ ಐತವಾರ ದಣಿವಾಗ್ತೈತಿ" ಎಂದಳು ಸುಗಲಮ್ಮ. "ನಾಳೆ ಐತವಾರ."

ಬದಲಿ ಯಾರು ಎಂದು ಯಾರೂ ಕೇಳಲಿಲ್ಲ. ಮಲ್ಲಣ್ಣ, ಗುಂಡಮ್ಮ, ಮೂವರು ಗೆಳೆಯರನ್ನಷ್ಟೇ ಉಳಿಸಿಕೊಳ್ಳಲು ಅನುಮತಿ ಪಡೆದಿದ್ದ ವಿಶ್ವಜಿತ್, ಎಲ್ಲರೂ ಒಂದೇ ಕಡೆ ನೋಡಿದರು. ಕೊನೆಗೆ ಮೌನಪ್ಪನೂ ನೋಡಿದ.

ಭಾನುವಾರ ಬೆಳಿಗ್ಗೆ ಸೆಕ್ರೆಟರಿ ಶಿವಶರಣಪ್ಪನವರು ಪಂಚೆ ಮೇಲೆ ಕಟ್ಟಿ ಕಸಬರಿಗೆ ಹಿಡಿದರು. ಹಿಡಿದಮೇಲೆ ಹಿಂಜರಿಯುವ ಮನುಷ್ಯರಲ್ಲ. ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿ, ಮೂಲೆ ಮೂಲೆ ಕೆದಕಿ, ಒಂದೊಂದೇ ಮಹಡಿ ಏರಿ, ಎದುರಾದವರಿಗೆಲ್ಲ ಸ್ವೀಪರಿನ ಮಹತ್ವ ವಿವರಿಸುತ್ತ ನಾಲ್ಕನೇ ಮಹಡಿ ತಲುಪಿ ಹಣೆ ಒರೆಸಿಕೊಂಡರು. ಚಹಾ ಹಿಡಿದು ನಿಂತಿದ್ದ ಗಿರಿಜಾಬಾಯಿ ಮೆಟ್ಟಿಲ ಕಂಬಿಯ ಮೇಲಿಂದ ಬಗ್ಗಿ ಕೆಳಗೆ ನೋಡಿದರು. ಮೇಲಿನ ಪ್ರತಿ ಮಹಡಿಯ ಧೂಳು ಕೆಳಗಿನ ಪ್ರತಿ ಮಹಡಿಯಲ್ಲಿ ಸುಖವಾಗಿ ಕೂತಿತ್ತು.

"ಏನ್ರೀ, ಮೆಟ್ಟಲಾ ಮ್ಯಾಲಿಂದ ಕೆಳಗ ಹೊಡೀತಾರೋ, ಕೆಳಗಿಂದ ಮ್ಯಾಲೋ?"

ಶಿವಶರಣಪ್ಪನವರು ಕೆಳಗೆ ನೋಡಿದರು. ಆಮೇಲೆ ಚಹಾ ಒಂದೇ ಗುಟುಕಿಗೆ ಮುಗಿಸಿ, "ಈಗ ಆಗಿದ್ದು ಫಸ್ಟ್ ಹಾಫ್. ಸೆಕೆಂಡ್ ಹಾಫಿನಾಗ ಸೈಡ್ ಬದಲಾಗ್ತೈತಿ" ಎಂದು ಹೇಳಿ, ಕಸಬರಿಗೆ ಎತ್ತಿಕೊಂಡು ಇಳಿಯತೊಡಗಿದರು.